ಯಾರೂ ಮುಟ್ಟದ ಭುಜಗಳು

ಯುಲಾಲಿಯಾಳಿಗೆ ಬಲಗೈ ಎತ್ತಿ ತಲೆ ಬಾಚಿಕೊಳ್ಳಲು ಆಗದೆ ಮೂರು ವಾರವಾಗಿತ್ತು. ಟೆಕ್ಸಸ್ಸಿನ ಗಡಿಯೂರಿನ ಈರುಳ್ಳಿ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಚೀಲ ಎತ್ತಿ ಓಡುವ ಬೆಲ್ಟಿನ ಮೇಲೆ ಎಸೆದ ಭುಜ ಅದು. ನೋವು ಅಂತ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ಹಲ್ಲು ಕಚ್ಚಿ ತಡೆದುಕೋ ಎಂದು ತಾಯಿ ಕಲಿಸಿದ್ದಳು. ಇಂಥ ಹೆಂಗಸರು ಸಿಕ್ಕರೆ ಮಾಲೀಕರಿಗೆ ಹಬ್ಬ.

ಭಾನುವಾರ ಚರ್ಚು ಮುಗಿಸಿ ಉಳುಕು ತೆಗೆಯುವ ಮುದುಕಿ ರೆಫುಹಿಯಾಳ ಮನೆಗೆ ಹೋದಳು. ಮುದುಕಿ ಭುಜದ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಎಳೆದು, ಬಿಸಿ ಎಣ್ಣೆ ಹಚ್ಚಿ ತಿಕ್ಕಿದಳು. ಆಮೇಲೆ ಕೈ ತೆಗೆದಳು.

"ಒಳಗೆ ನರ ಹರಿದಿದೆ ಮಗಳೇ. ನನ್ ಕೈಲಾಗಲ್ಲ, ಡಾಕ್ಟ್ರಿಗೆ ತೋರ್ಸು."

ಸೋಮವಾರ ಕಂಪನಿಯ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ. ಯುಲಾಲಿಯಾಳ ಕೇರಿಯವಳೇ ಆದ ನರ್ಸ್ ಯೆಸೇನಿಯಾ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿದಳು: "ಇದಕ್ಕೆ ಬೇರೆ ಯಾರಾದ್ರೂ ಕೈ ಹಾಕಿದ್ರಾ?"

ಡಾಕ್ಟರ ಮುಂದೆ ಸುಳ್ಳು ಹೇಳುವುದುಂಟೆ? "ಹೂಂ, ರೆಫುಹಿಯಾ ಅಜ್ಜಿ ತಿಕ್ಕಿದ್ರು."

ಡಾಕ್ಟರು ಖುಷಿಯಿಂದ ಬರೆದುಕೊಂಡ.

"ಆ ಮುದುಕಿ ತಿಕ್ಕಿದ್ದಕ್ಕೇ ಹರೀತು ಅಂತ ಬರ್ದಿದಾರೆ ಅಕ್ಕಾ," ಎಂದಳು ಯೆಸೇನಿಯಾ, ತಲೆ ತಗ್ಗಿಸಿ. "ಆಪರೇಷನ್ ಕಂಪನಿ ಮಾಡ್ಸಲ್ಲ. ರುಜು ಹಾಕಿದ್ರೆ ಕೂತು ಮಾಡೋ ಕೆಲಸ ಕೊಡ್ತಾರಂತೆ."

"ಹಾಕ್ದಿದ್ರೆ?"

"ಬರೋದೇ ಬೇಡ್ವಂತೆ."

"ಚಿಕ್ಕೋಳಿದ್ದಾಗ ನಿನ್ ಹೊಟ್ಟೆ ತಿಕ್ಕಿ ಉಳ್ಸಿದ್ದು ಯಾರೇ?"

ಯೆಸೇನಿಯಾ ಕಿಟಕಿ ಕಡೆ ತಿರುಗಿದಳು.

ಯುಲಾಲಿಯಾ ಆ ಕಾಗದ ಹಿಡಿದು ಸಂಜೆ ಮುದುಕಿಯ ಮುಂದೆ ನಿಂತಳು. ಕೈಯೂ ಹೋಯಿತು, ಕೆಲಸವೂ ಹೋದರೆ ಮುಂದೇನು? ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಎದುರು ಅತ್ತಳು.

"ರುಜು ಹಾಕಮ್ಮಾ," ಎಂದಳು ರೆಫುಹಿಯಾ. "ನಾನು ಈ ದೇಶದ ಕಾಗದಪತ್ರ ಇಲ್ದೋಳು. ಇವತ್ತಲ್ಲ ನಾಳೆ ಗಡಿಯಾಚೆ ಅಟ್ತಾರೆ. ನಿನ್ ಹೊಟ್ಟೆ ನೋಡ್ಕೋ."

ಯುಲಾಲಿಯಾ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಬೆಂಚಿನ ಮೇಲೆ ಶೆಡ್ಡಿನ ಐವರು ಹೆಂಗಸರು ಸರದಿ ಕಾಯುತ್ತಿದ್ದರು.

"ನಿಂದ್ಯಾವ ಭುಜ?" ಎಂದು ಮೊದಲವಳನ್ನು ಕೇಳಿದಳು.

"ಬಲಗಡೇದು."

"ನಿಂದು?"

"ನಂದೂ ಬಲಗಡೇದೇ ಕಣೇ. ಮತ್ತಿನ್ಯಾವ್ದು? ಚೀಲ ಎಸೆಯೋದು ಎಡಗೈಲಾ?"

"ಅಜ್ಜಿ ತಿಕ್ಕಿದಾರಾ?"

"ಇಲ್ಲ, ನಾವೈದು ಜನಾನೂ ಇದೇ ಮೊದ್ಲು ಬಂದಿರೋದು."

ಕಾಗದದಲ್ಲಿ ಡಾಕ್ಟರು ಬರೆದದ್ದನ್ನು ಯುಲಾಲಿಯಾ ಅವರಿಗೆ ಹೇಳಿದಳು. ಒಳಗೆ ಎಣ್ಣೆ ಕಾಯುತ್ತಿತ್ತು. ಮೊದಲು ಹಿರಿಯವಳು ಎದ್ದಳು, ಆಮೇಲೆ ಉಳಿದವರು. ಒಬ್ಬಳೂ ಒಳಗೆ ಹೋಗಲಿಲ್ಲ. ಆ ನೋವಿನಲ್ಲೇ ಮನೆಗೆ ನಡೆದರು.

ಬೆಳಗ್ಗೆ ಆರೂ ಜನ ಡಾಕ್ಟರ ಮೇಜಿನ ಮುಂದೆ ನಿಂತರು. ರುಜುವಿಲ್ಲದ ಕಾಗದವನ್ನು ಯುಲಾಲಿಯಾ ಅವನತ್ತ ತಳ್ಳಿದಳು. ಉಳಿದ ಐವರು ಒಬ್ಬೊಬ್ಬರಾಗಿ ಅಂಗಿ ಜಾರಿಸಿ, ಊದಿದ ಬಲಭುಜ ತೋರಿಸಿದರು.

"ಹೇಳು ಯೆಸೇನಿಯಾ, ಒಂದಕ್ಷರ ಬಿಡ್ದೆ ಹೇಳು," ಎಂದಳು ಯುಲಾಲಿಯಾ. " ಈ ಐದು ಭುಜಾನ ಇನ್ನೂ ಯಾರೂ ಮುಟ್ಟಿಲ್ಲ. ಯಾರು ಹರಿದಿದ್ದು ಅಂತ ಈಗ ಬರೀಲಿ."