ರೇಟು ಕೇಳಿದರೆ ಹೆಸರು ಕೆಡುತ್ತದೆ

ಬಸವಕುಮಾರ್ ಆ ಸುಳ್ಳನ್ನು ಮೊದಲ ಸಲ ಹೇಳಿದ್ದು ಹೊಟ್ಟೆಪಾಡಿಗೆ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಹೊಟ್ಟೆಯೇನೋ ಆಗಲೇ ತುಂಬಿ ಅಂಗಿ ಗುಂಡಿ ಕಿತ್ತುಬರುವಂತಿತ್ತು, ಅದಿರಲಿ. ಹೊಸಪೇಟೆ ಬಸ್‌ಸ್ಟ್ಯಾಂಡ್ ಎದುರು ಮಹಡಿಯ ಮೇಲೆ ಅವನ ಇನ್ಶೂರೆನ್ಸ್ ಆಫೀಸು. ಸಂಡೂರಿನ ಗುಡ್ಡದಿಂದ ಅದಿರು ಹೊರುತ್ತಿದ್ದ ಟಿಪ್ಪರುಗಳಲ್ಲಿ ಇನ್ನೂರಕ್ಕೂ ಹೆಚ್ಚು ಅವನ ಗಿರಾಕಿಗಳವು.

ಮೊದಲು ಎಲ್ಲ ಕಂಪನಿಗೂ ಒಂದೇ ದರವಿತ್ತು, ಏಜೆಂಟರು ನೆಮ್ಮದಿಯಾಗಿದ್ದರು. ಆಮೇಲೆ ಸರಕಾರ ಕಟ್ಟು ಸಡಿಲಿಸಿತು, ಒಬ್ಬೊಬ್ಬರದು ಒಂದೊಂದು ರೇಟಾಯಿತು. 2009ರ ಹೊತ್ತಿಗೆ ಸೈಬರ್ ಕೆಫೆಯಲ್ಲಿ ಕುಳಿತು ಗಾಡಿಯ ವಿವರ ಒತ್ತಿದರೆ ನಾಲ್ಕು ಕಂಪನಿಗಳ ದರ ಸಾಲಾಗಿ ಬರುತ್ತಿತ್ತು. ಬಸವಕುಮಾರನ ಕಂಪನಿಯ ದರ ಆ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚಿರುತ್ತಿತ್ತು.

ಆ ದಿನಗಳಲ್ಲೇ ಒಬ್ಬ ಬ್ಯಾಂಕ್ ಮ್ಯಾನೇಜರು ಚಹಾ ಕುಡಿಯುತ್ತ ಅವನಿಗೆ ಹೇಳಿದ್ದರು, ಸಾಲಕ್ಕೆಂದು ಹತ್ತು ಕಡೆ ಅರ್ಜಿ ಹಾಕಿದವನ ಲೆಕ್ಕವೆಲ್ಲ ಸಿಬಿಲ್ ರಿಪೋರ್ಟಿನಲ್ಲಿ ಬೀಳುತ್ತದೆ, ನೋಡಿದ ಬ್ಯಾಂಕಿನವರು ಹಿಂದೆ ಸರಿಯುತ್ತಾರೆ ಅಂತ. ‘ಇನ್ಶೂರೆನ್ಸ್ ರೇಟು ಕೇಳಿದರೂ ಹೀಗೇನಾ ಸರ್?’ ಎಂದು ಇವನು ಕೇಳಿದ. ‘ಛೆ, ಅದಕ್ಕೇನಾಗತ್ತೆ? ಅದು ಸಾಲ ಅಲ್ಲವಲ್ಲ’ ಅಂದರು ಅವರು. ಬಸವಕುಮಾರ್ ಮೊದಲಿನ ಮಾತು ಜೇಬಿಗೆ ಹಾಕಿಕೊಂಡು, ಎರಡನೆಯದನ್ನು ಚಹಾದಂಗಡಿಯಲ್ಲೇ ಬಿಟ್ಟು ಬಂದ.

‘ಆನ್‌ಲೈನ್‌ನಾಗ ನಾಕ್ ಕಡಿ ರೇಟ್ ಕೇಳಿದ್ರ ಸಿಬಿಲ್‌ನಾಗ ನಾಕ್ ಸಲ ಹೆಸರು ಬೀಳ್ತೈತಿ ನೋಡ್ರಿ. ಆಮ್ಯಾಲ ಲೋನ್ ಕೇಳಾಕ ಹೋದ್ರ ಬ್ಯಾಂಕ್‌ನೋರು ಬಾಗ್ಲಾ ಹಾಕ್ತಾರ’ ಎಂದು ಬಂದವರಿಗೆಲ್ಲ ಹೇಳತೊಡಗಿದ. ಎಲ್ಲರೂ ನಂಬಿದರು. ನಂಬದೆ ಏನು ಮಾಡಿಯಾರು? ಹತ್ತು ಮನೆ ಸುತ್ತಿ ಬಂದ ಜಾತಕವನ್ನು ಹನ್ನೊಂದನೇ ಮನೆಯವರು ಬಿಚ್ಚಿಯೂ ನೋಡದ ಊರು ಇದು. ಕೇಳಿ ಕೇಳಿ ಬಿಟ್ಟವನ ಹೆಸರು ಕೆಡುತ್ತದೆ ಎಂದರೆ ಯಾರಿಗೂ ವಿಚಿತ್ರವೆನಿಸಲಿಲ್ಲ. ಮೇಲಾಗಿ ಒಬ್ಬೊಬ್ಬನ ತಲೆಯ ಮೇಲೂ ಗಾಡಿ ಲೋನ್ ಇತ್ತು.

ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವನು ಎಮ್ಮಿಗನೂರಿನ ಓಬಳೇಶ. ಹತ್ತು ವರ್ಷ ಕಂಡವರ ಲಾರಿ ಓಡಿಸಿ, ಎರಡೆಕರೆ ಗದ್ದೆಯನ್ನು ಬ್ಯಾಂಕಿಗೆ ಬರೆದುಕೊಟ್ಟು ಒಂದು ಟಿಪ್ಪರ್ ಕೊಂಡಿದ್ದ. ತಾನೇ ಮಾಲೀಕ, ತಾನೇ ಡ್ರೈವರ್. ಈಗ ಎರಡನೇ ಗಾಡಿಗೆ ಅರ್ಜಿ ಹಾಕಿ ಕಾಯುತ್ತಿದ್ದ.

ಅವನ ಪಾಲಿಸಿ ಮುಗಿಯುವ ಹಿಂದಿನ ದಿನ, ಬುಧವಾರ, ಫೋನ್ ಮಾಡಿದ.

‘ಅಣ್ಣಾ, ಈ ಸಲ ನಿಮ್ ರೇಟ್ ನನ್ ಕೈಲಿ ಆಗಂಗಿಲ್ರಿ. ಇದ್ದದ್ದೆಲ್ಲಾ ಹೊಸ ಗಾಡಿಗಂತ ಎತ್ತಿಟ್ಟೀನಿ. ಸೈಬರ್‌ನಾಗ ಆರ್ ಸಾವ್ರ ಕಮ್ಮಿಗೆ ಸಿಗ್ತೈತಂತ. ಅಷ್ಟಾದ್ರ ಇವತ್ತ ಕಟ್ತೀನಿ. ಕೇಳ್ಲೇನ್ರಿ?’

‘ಕೇಳು. ಕೇಳಿ ಲೋನ್ ಕಳ್ಕೊ’ ಎಂದ ಬಸವಕುಮಾರ್.

ಓಬಳೇಶ ಬೇರೆ ದಾರಿ ಹುಡುಕಿದ. ‘ಸೋಮವಾರ ಲೋನ್ ಪಾಸಾಗ್ತೈತ್ರಿ. ಪಾಸಾದ ಮ್ಯಾಲ ಕೇಳಿದ್ರ ಏನಾಗಂಗಿಲ್ಲಲ್ರಿ? ಅಲ್ಲೀತನಕ ಹಂಗ ಓಡಸ್ಲಾ?’

ನಿಲ್ಲಿಸು ಅನ್ನಬೇಕಿತ್ತು. ಒಂದೇ ಒಂದು ಮಾತು. ಆದರೆ ಗಾಡಿ ನಿಂತರೆ ಇವನು ಇವತ್ತೇ ಸೈಬರಿಗೆ ಓಡುತ್ತಾನೆ, ನಾಲ್ಕು ದಿನ ತಡೆದು ಮತ್ತೊಂದು ಸಲ ಹೆದರಿಸಿದರೆ ಎಲ್ಲಿಂದಾದರೂ ದುಡ್ಡು ಹೊಂದಿಸಿಕೊಂಡು ನನ್ನ ಹತ್ತಿರವೇ ಬರುತ್ತಾನೆ ಎಂದು ಬಸವಕುಮಾರನ ತಲೆ ಲೆಕ್ಕ ಹಾಕಿತ್ತು. ‘ಎಲ್ಲಾರೂ ಓಡಸ್ತಾರ ತಗೊ. ನಾಕ್ ದಿನದಾಗ ಏನಾಗ್ತೈತಿ’ ಅಂದ.

ಶನಿವಾರ ಬೆಳಿಗ್ಗೆ ಸಂಡೂರಿನ ಇಳಿಜಾರಿನಲ್ಲಿ, ಅದಿರು ತುಂಬಿದ ಟಿಪ್ಪರ್ ಬ್ರೇಕ್ ಹಿಡಿಯದೆ ಹಳ್ಳಕ್ಕೆ ಉರುಳಿತು. ಓಬಳೇಶ ಅಲ್ಲೇ ಹೋದ.

ಹನ್ನೊಂದು ಗಂಟೆಗೆ ಅವನ ಹೆಂಡತಿ ವಿರುಪಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಅಳು ಮುಗಿದ ಮುಖ. ಹೆಣ ಸಂಡೂರಿನ ಸರಕಾರಿ ಆಸ್ಪತ್ರೆಯಲ್ಲಿತ್ತು. ‘ಪೊಲೀಸ್ರು ಗಾಡಿ ಕಾಗದ ಕೇಳ್ಯಾರ್ರಿ. ಇನ್ಶೂರೆನ್ಸಿಂದು ನಿಮ್ಮಂತ್ಯಾಕ ಇರ್ತೈತಿ ಅಂದ್ರು’ ಎಂದಳು.

ಬಸವಕುಮಾರ್ ಬೀರು ತೆರೆದ. ಒಳಗೆ ಕವರ್ ನೋಟ್ ಪುಸ್ತಕವಿತ್ತು. ಪಾಲಿಸಿ ಬರುವ ತನಕ ಏಜೆಂಟನೇ ಕೈಯಾರೆ ಬರೆದುಕೊಡುವ, ಸಾಲಾಗಿ ನಂಬರು ಅಚ್ಚಾದ ಚೀಟಿಗಳು ಅವು. ಅದರ ನಡುವೆ, ಮೊನ್ನೆ ಬುಧವಾರದ ನಂಬರುಗಳ ಸಾಲಿನಲ್ಲಿ, ಅವನು ಬೇಕೆಂದೇ ಒಂದು ಹಾಳೆ ಖಾಲಿ ಬಿಟ್ಟಿದ್ದ. ನಲವತ್ತು ಟಿಪ್ಪರುಗಳ ಮಾಲೀಕ ಈಶ್ವರನ ಗಾಡಿ ಎಲ್ಲಾದರೂ ಗುದ್ದಿದರೆ ಹಿಂದಿನ ತಾರೀಖು ಹಾಕಿ ಬರೆದುಕೊಡಲು. ಎರಡು ಸಲ ಕೊಟ್ಟೂ ಇದ್ದ. ಈಗ ಆ ಹಾಳೆಯ ಮೇಲೆ ಓಬಳೇಶನ ಹೆಸರು ಬರೆದರೆ ಗಾಡಿಯ ಬೆಲೆ ಬರುತ್ತದೆ, ಸಾಲ ತೀರುತ್ತದೆ, ಗದ್ದೆ ಉಳಿಯುತ್ತದೆ. ಬರೆಯದಿದ್ದರೆ ಈ ಹೆಂಗಸಿಗೆ ಏನೂ ಉಳಿಯುವುದಿಲ್ಲ.

ಅವನು ಪೆನ್ನು ತೆಗೆದ. ಮತ್ತೆ ಕೆಳಗಿಟ್ಟ. ಸತ್ತವನ ಕೇಸು, ಕಂಪನಿಯವರು ತನಿಖೆಗೆ ಬರುತ್ತಾರೆ, ಲೈಸೆನ್ಸ್ ಹೋಗುತ್ತದೆ, ಈಶ್ವರನ ನಲವತ್ತು ಗಾಡಿಗಳ ವ್ಯಾಪಾರವೂ ಹೋಗುತ್ತದೆ. ಎಂದೂ ಇಲ್ಲದ ಪ್ರಾಮಾಣಿಕತೆ ಆ ಗಳಿಗೆಯಲ್ಲಿ ಅವನಿಗೆ ಎಲ್ಲಿಂದಲೋ ಬಂದುಬಿಟ್ಟಿತು. ಪುಸ್ತಕ ಮುಚ್ಚಿದ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು, ಆದರೂ ಮುಚ್ಚಿದ.

‘ಅವ ಈ ವರ್ಷ ಕಟ್ಟಿಲ್ಲಮ್ಮ’ ಅಂದ.

‘ಗೊತ್ತೈತ್ರಿ, ಸೋಮವಾರ ಕಟ್ತೀನಿ ಅಂದಿದ್ದ. ಏನಾರ ದಾರಿ ಇದ್ದೀತು ಅಂತ ಬಂದೆ.’ ವಿರುಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಸೈಬರ್ ಬಾಗ್ಲಾತನಕ ಹೋಗಿ ವಾಪಸ್ ಬಂದ್ನಂತ್ರಿ. ಅಣ್ಣ ಬ್ಯಾಡ ಅಂದಾರ, ಹೆಸರು ಕೆಡ್ತೈತಿ ಅಂದ. ಎಲ್ಲೂ ಕೇಳ್ಲಿಲ್ರಿ ಅವ.’

ಈಗಲಾದರೂ ಹೇಳಬಹುದಿತ್ತು. ಬಸವಕುಮಾರ್ ಬೀರುವಿಗೆ ಬೀಗ ಹಾಕಿದ.

‘ಬ್ಯಾಂಕಿನ್ಯಾಗ ಅವನ ಹೆಸರು ಚೊಲೋನ ಐತಲ್ರಿ?’ ಎಂದು ಅವಳು ಕೇಳಿದಳು.

‘ಭಾಳ ಚೊಲೋ ಐತಮ್ಮ.’

‘ಹಂಗಾದ್ರ ಅಷ್ಟಾರ ಬರ್ದು ಕೊಡ್ರಿ. ಪೊಲೀಸ್ರ ಮುಂದ ಬರೇ ಕೈಲೆ ಹೆಂಗ ಹೋಗ್ಲಿ?’

ಬಸವಕುಮಾರ್ ಆಫೀಸಿನ ಹೆಸರು ಅಚ್ಚಾದ ಹಾಳೆ ತೆಗೆದು, ಎಮ್ಮಿಗನೂರಿನ ಓಬಳೇಶ ಎಂಬುವರ ಹೆಸರಿನ ಮೇಲೆ ಯಾವ ಕಪ್ಪುಚುಕ್ಕೆಯೂ ಇರುವುದಿಲ್ಲ ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿದ. ಓದು ಬಾರದ ವಿರುಪಮ್ಮ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಮಡಚದೆ, ಹಾಗೇ ಹಿಡಿದುಕೊಂಡು ಸಂಡೂರಿನ ಬಸ್ಸು ಹತ್ತಿದಳು.