ಏಳನೇ ನಂಬರಿನ ಹಗ್ಗ

ಪರಂಪರೆ ಇಲಾಖೆಯ ನೋಟೀಸು ಬಂದಾಗ ನನ್ನ ಕೈ ಮೊಣಕೈವರೆಗೂ ಸೋಪಿನ ನೊರೆಯಲ್ಲಿತ್ತು. ಹಾಗಾಗಿ ಅತ್ತೆಯೇ ಅದನ್ನು ತೆಗೆದುಕೊಂಡು, ಒಂದೇ ಕಡ್ಡಿ ಉಳಿದಿರುವ ತಮ್ಮ ಕನ್ನಡಕವನ್ನು ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಓದಿದರು. ನಮ್ಮ ಸಾಲಿನ ಹನ್ನೊಂದು ಮನೆಗಳೂ ನೂರೈವತ್ತು ವರ್ಷ ಹಳೆಯವಂತೆ. ಇನ್ನು ಮುಂದೆ ಅವು ಸಂರಕ್ಷಿತವಂತೆ. ಹಿಂಭಾಗದ ತೋಟಗಳನ್ನು ಮೂಲ ಸ್ಥಿತಿಗೆ ತರಲಾಗುವುದಂತೆ. ಆದ್ದರಿಂದ ಏಳನೇ ನಂಬರಿನವರು ತೋಟದಲ್ಲಿ ಕಟ್ಟಿರುವ ಬಟ್ಟೆ ಒಣಗಿಸುವ ಹಗ್ಗಗಳನ್ನು ಒಂದು ತಿಂಗಳೊಳಗೆ ತೆಗೆಯತಕ್ಕದ್ದು, ತಪ್ಪಿದಲ್ಲಿ ಲಾಂಡ್ರಿಯ ಪರವಾನಗಿ ರದ್ದಾಗುವುದು.

ಏಳನೇ ನಂಬರು ಅಂದರೆ ನಾವು.

"ಹಳೇದನ್ನೆಲ್ಲ ಕಾಪಾಡ್ತಾರಂತೆ," ಅಂದರು ಅತ್ತೆ. "ನಾನು ಈ ಮನೆಗೆ ಬಂದು ಐವತ್ತೆಂಟು ವರ್ಷ ಆಯ್ತು. ನನ್ನನ್ನು ಯಾವ ಲೆಕ್ಕಕ್ಕೆ ಸೇರಿಸ್ತಾರೆ ಕೇಳು."

ನಮ್ಮ ಸಾಲಿನಲ್ಲಿ ಮನೆಗೂ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಬಸ್ಸಿನ ಸೀಟಿನಲ್ಲಿ ಇಬ್ಬರ ಜಾಗಕ್ಕೆ ಮೂವರು ಕೂತ ಹಾಗೆ ಹನ್ನೊಂದೂ ಒತ್ತಿಕೊಂಡು ನಿಂತಿವೆ. ಎಡಗಡೆ ಮನೆಯ ಕ್ಷೌರದಂಗಡಿಯವನು ಸೀನಿದರೆ ನಮ್ಮ ಅಡುಗೆಮನೆಯ ತಟ್ಟೆಗಳು ಸದ್ದು ಮಾಡುತ್ತವೆ. ಮುಂಬಾಗಿಲು ತೆರೆದರೆ ಮೂರು ಮೆಟ್ಟಿಲು, ಆಮೇಲೆ ನೇರ ಬೀದಿ: ಬಸ್ಸಿನ ಹಾರ್ನು, ತರಕಾರಿ ಗಾಡಿ, ಸೈಕಲ್ ರಿಪೇರಿಯವನ ಸುತ್ತಿಗೆ, ಶಾಲೆಯ ಗಂಟೆ. ಹಿಂಬಾಗಿಲು ತೆರೆದರೆ ಹತ್ತು ಹೆಜ್ಜೆ ಅಗಲದ, ನಲವತ್ತು ಹೆಜ್ಜೆ ಉದ್ದದ ತೋಟ. ಒಂದು ನಿಂಬೆ ಗಿಡ, ಮೂಲೆಯಲ್ಲಿ ಪುದೀನ, ಯಾರೂ ನೆಡದೆ ತಾನೇ ಬಂದ ಗುಲಾಬಿ. ಇವೆಲ್ಲದರ ಮೇಲೆ, ಈ ಗೋಡೆಯಿಂದ ಆ ಗೋಡೆಗೆ, ಎಂಟು ಹಗ್ಗ. ಎರಡು ನರ್ಸಿಂಗ್ ಹೋಮಿನ ಬೆಡ್‌ಶೀಟುಗಳು ಅಲ್ಲೇ ಒಣಗಬೇಕು. ಹಗ್ಗ ಹೋದರೆ ನಮ್ಮ ಕೆಲಸ ಹೋಯಿತು, ಕೆಲಸ ಹೋದರೆ ಈ ಮನೆಯಲ್ಲಿ ನಾವು ಉಳಿಯುವ ಹಾಗಿಲ್ಲ. ಅಷ್ಟು ಸರಳ.

ತೋಟ ತೋಟಗಳ ನಡುವೆ ಇರುವುದು ಎದೆಮಟ್ಟದ ಗೋಡೆ. ಆ ಗೋಡೆಗಳ ಮೇಲೆ, ಸಾಲಿನ ಉದ್ದಕ್ಕೂ, ಕೊಕ್ಕೆ ಇರುವ ಕಬ್ಬಿಣದ ಕಂಬಗಳಿವೆ. ನಮ್ಮ ಹಗ್ಗಗಳಲ್ಲಿ ಒಂದು ಮಾತ್ರ ಆ ಕೊಕ್ಕೆಯ ಮೇಲೆ ಹಾದು ಕ್ಷೌರದಂಗಡಿಯವನ ತೋಟಕ್ಕೂ ಹೋಗುತ್ತದೆ. ನಮ್ಮ ಕೊನೆಯ ಬೆಡ್‌ಶೀಟಿನ ಅಂಚಿಗೂ ಅವನ ಮೊದಲ ಟವೆಲಿನ ಮೂಲೆಗೂ ಒಂದೇ ಕ್ಲಿಪ್ಪು. ಅತ್ತೆ ಬರುವಾಗಲೇ ಹಾಗಿತ್ತಂತೆ. ಎರಡೂ ಮನೆಯವರು ಮಾತು ಬಿಟ್ಟ ವರ್ಷಗಳುಂಟು, ಕ್ಲಿಪ್ಪು ಬಿಟ್ಟ ದಿನವಿಲ್ಲ.

ನೋಟೀಸಿನ ಹಿಂದೆಯೇ ಅಧಿಕಾರಿ ಬಂದ. ಜೇಬಿನಲ್ಲಿ ಅಳತೆಯ ಟೇಪು, ಬಾಯಲ್ಲಿ ನಯವಾದ ಮಾತು. ಅತ್ತೆ ಆ ಕ್ಷಣದಲ್ಲೇ ಅವನಿಗೆ ಟೇಪಪ್ಪ ಅಂತ ಹೆಸರಿಟ್ಟರು. ಅವನು ನಮ್ಮ ಇಸ್ತ್ರಿ ಮೇಜಿನ ಮೇಲೆ, ಕೇಳದೆಯೇ, ಬಾಗಿಲಿನಷ್ಟು ದೊಡ್ಡ ಫೋಟೋ ಒಂದನ್ನು ಬಿಡಿಸಿದ. ಹಿಂದಿನ ಬೀದಿಯ ಶಾಲೆಯ ಮಾಳಿಗೆಯಿಂದ ನೂರಾಹತ್ತು ವರ್ಷದ ಹಿಂದೆ ತೆಗೆದದ್ದು. ಹನ್ನೊಂದು ಮನೆಗಳ ಬೆನ್ನು, ಹನ್ನೊಂದು ತೋಟ. ತೋಟಗಳ ನಡುವೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಬೆಳ್ಳಗೆ ಏನೋ ಹರಡಿಕೊಂಡಿತ್ತು.

"ನೋಡಿ ಅಮ್ಮ, ಇದು ಬಿಳಿ ಹೂವಿನ ಬೇಲಿ," ಅಂದ ಟೇಪಪ್ಪ. "ಹನ್ನೊಂದು ಮನೆಗೂ ಸೇರಿ ಒಂದೇ ಬೇಲಿ. ಎಷ್ಟು ಅಪರೂಪ ಅಲ್ವಾ? ಗೋಡೆ ಮೇಲಿನ ಕಂಬಗಳು ಬಳ್ಳಿ ಹಬ್ಬಿಸೋಕೆ ಇದ್ದವು. ಅದನ್ನೇ ನಾವು ಮತ್ತೆ ನೆಡ್ತೀವಿ. ನಿಮ್ಮ ಹಗ್ಗ ಇದ್ರೆ ಅದರ ಅಂದ ಹಾಳಾಗುತ್ತೆ."

ನನ್ನ ಮೈ ಉರಿಯಿತು. ನಮ್ಮ ಹೊಟ್ಟೆಪಾಡಿಗೆ ಇವನು ಅಂದಗೇಡು ಅನ್ನುತ್ತಿದ್ದಾನೆ, ಅದೂ ನಮ್ಮದೇ ಮೇಜಿಗೆ ಮೊಣಕೈ ಊರಿಕೊಂಡು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋಟೋದ ಮೇಲೆ ಬಗ್ಗಿದ್ದರು. ಮೂಗು ಕಾಗದಕ್ಕೆ ತಾಗುವಷ್ಟು. ಬಹಳ ಹೊತ್ತು ಹಾಗೇ ಇದ್ದರು. ನಿದ್ದೆ ಹೋದರೇನೋ ಅಂದುಕೊಂಡೆ.

"ಅವತ್ತು ಗಾಳಿ ಜೋರಾಗಿತ್ತು," ಅಂದರು.

"ಇರಬಹುದು," ಅಂದ ಟೇಪಪ್ಪ. "ಅದಕ್ಕೇ ಹೂವು ಮಸುಕಾಗಿ ಕಾಣುತ್ತೆ. ಆಗಿನ ಕ್ಯಾಮೆರಾ ನಿಧಾನ."

"ಗಾಳಿಗೆ ಗಿಡದ ಯಾವ ಭಾಗ ಅಲ್ಲಾಡುತ್ತಪ್ಪ?"

"ತುದಿ."

"ಬುಡ?"

"ಬುಡ ಯಾಕೆ ಅಲ್ಲಾಡುತ್ತೆ, ನೆಲದಲ್ಲಿರುತ್ತಲ್ಲ."

"ಹಾಗಾದ್ರೆ ಸರಿಯಾಗಿ ನೋಡು. ಇಲ್ಲಿ ಮೇಲುಗಡೆ ಗೆರೆ ಎಳೆದ ಹಾಗೆ ನಿಂತಿದೆ. ಮಸುಕಾಗಿರೋದು ಕೆಳಗೆ. ತುದಿ ನಿಂತು ಬುಡ ಅಲ್ಲಾಡೋ ಗಿಡ ಯಾವ ದೇಶದ್ದು?" ಅತ್ತೆಯ ಬೆರಳು ಆ ಬಿಳಿಯ ಮೇಲಂಚಿನಲ್ಲಿ ನಿಧಾನವಾಗಿ ಸರಿಯಿತು. "ಇಲ್ಲೊಂದು ಮೊನೆ, ಇಲ್ಲಿ ಜೋಲು, ಮತ್ತೆ ಮೊನೆ, ಮತ್ತೆ ಜೋಲು. ಮೊನೆ ಇರೋ ಕಡೆಯೆಲ್ಲ ಕ್ಲಿಪ್ಪು ಇದೆ. ಬೆಡ್‌ಶೀಟಪ್ಪ ಇವು. ಹನ್ನೊಂದು ಮನೆಯವರೂ ಒಗೀತಿದ್ರು."

ನಾನು ಬಗ್ಗಿ ನೋಡಿದೆ. ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣಲಿಲ್ಲ. ಮೂವತ್ತು ವರ್ಷದಿಂದ ದಿನಾ ನೋಡುತ್ತಿರುವ ಬಿಳುಪು. ಗೋಡೆಯ ಕಂಬಗಳ ಬಳಿಯೂ ಅದು ಎಲ್ಲೂ ಕಡಿಯದೆ ಹೋಗಿತ್ತು, ಮನೆಯಿಂದ ಮನೆಗೆ, ಒಂದೇ ಹಗ್ಗ, ಹಂಚಿಕೊಂಡ ಕ್ಲಿಪ್ಪುಗಳು. ನನಗೆ ಗೊತ್ತಿಲ್ಲದ ಹೆಂಗಸರ ತೋಳುಗಳು ಕಣ್ಣ ಮುಂದೆ ಬಂದವು.

ಟೇಪಪ್ಪನ ಮುಖ ಕಳೆಗುಂದಿತು. "ತಜ್ಞರ ವರದಿ ಆಗಲೇ ಮುಗಿದಿದೆ ಅಮ್ಮ," ಅಂದ. "ಮನೆ ಮುಂದೆ ಹಾಕೋ ಹಿತ್ತಾಳೆ ಫಲಕ ಕೂಡ ಕೆತ್ತಿಸಿ ಆಗಿದೆ." ಫೋಟೋ ಸುತ್ತಿಕೊಂಡು ಹೊರಟ. ಹೋಗುವಾಗ ತೋಟದ ಬಾಗಿಲಲ್ಲಿ ನಿಂತು ನಮ್ಮ ಹಗ್ಗಗಳನ್ನು ಒಂದು ಗಳಿಗೆ ನೋಡಿದ. ನೋಡಿದ್ದನ್ನು ನಾನು ಗಮನಿಸಿದೆ.

ವಾರದ ಮೇಲೆ ಮತ್ತೆ ಬಂದ. ಈ ಸಲ ರಾಜಿಯ ಮಾತು. ಒಂದು ಹಗ್ಗ ಇರಬಹುದಂತೆ. ಅದಕ್ಕೆ ಇಲಾಖೆಯೇ ಕೊಡುವ ಹನ್ನೆರಡು ಬಿಳಿ ಬೆಡ್‌ಶೀಟುಗಳನ್ನು ಭಾನುವಾರ ಮಾತ್ರ, ನೋಡಲು ಬರುವವರಿಗಾಗಿ ನೇತುಹಾಕಬಹುದಂತೆ. ಅವು ಒಣಗಿರಬೇಕು, ನೀರು ತೊಟ್ಟಿಕ್ಕಬಾರದು. ಲಾಂಡ್ರಿಯನ್ನು ಮಾತ್ರ ಬೇರೆ ಕಡೆ ಸಾಗಿಸಬೇಕು.

"ಒಣಗಿದ ಬಟ್ಟೇನ ಹಗ್ಗಕ್ಕೆ ಹಾಕೋದಾ?" ಅಂದೆ. "ಯಾಕೆ?"

"ಪ್ರದರ್ಶನ, ಮೇಡಂ."

"ಸಾರ್, ನಾವು ಸತ್ತ ಮೇಲೆ ಬೊಂಬೆ ಮಾಡಿ ನಿಲ್ಲಿಸಿಕೊಳ್ಳಿ. ಬದುಕಿರೋವರೆಗೂ ಇಲ್ಲಿ ಒದ್ದೆ ಬಟ್ಟೆ ಹಾಕ್ತೀವಿ. ಹೋಗಿ, ಹಾಗೇ ಬರೆದುಕೊಳ್ಳಿ."

ಅವನು ಬರೆದುಕೊಳ್ಳಲಿಲ್ಲ. "ಹತ್ತನೇ ತಾರೀಕು ನಮ್ಮ ಪರಂಪರೆ ಸಮಿತಿಯ ಅಧ್ಯಕ್ಷರು ಬರ್ತಾರೆ," ಅಂದ ತಗ್ಗಿದ ದನಿಯಲ್ಲಿ. "ಅಷ್ಟರಲ್ಲಿ ಹಗ್ಗ ತೆಗೀದಿದ್ರೆ ಅವರ ಎದುರಿಗೇ ನಾನು ಬಿಚ್ಚಬೇಕಾಗುತ್ತೆ."

ಅವನು ಬೀದಿ ದಾಟುವ ಮೊದಲೇ ನಾನು ಪಕ್ಕದ ಮನೆಯ ಮೆಟ್ಟಿಲಲ್ಲಿದ್ದೆ. ಕ್ಷೌರದಂಗಡಿಯವನು ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವನು ಬ್ರಷ್ಷು ಕೆಳಗಿಟ್ಟು ಎಲ್ಲ ಕೇಳಿದ. "ಅಕ್ಕ, ಹಗ್ಗ ಎಷ್ಟು ಉದ್ದ ಬೇಕು?" ಅಂದ. ಅಷ್ಟೇ ಅವನ ಪ್ರಶ್ನೆ.

ಒಂದೇ ಹಗ್ಗವನ್ನು ಎಲ್ಲರ ತೋಟಕ್ಕೂ ಎಳೆಯುವ ಮಾತು ಹೊತ್ತು ಉಳಿದ ಒಂಬತ್ತು ಮನೆಗೂ ನಾನೇ ಹೋದೆ. ಕೆಲವರಿಗೆ ನಮ್ಮ ಮೇಲೆ ಪ್ರೀತಿ ಇತ್ತು, ಕೆಲವರಿಗೆ ತೋಟದ ಅರ್ಧ ಭಾಗ ಬೇಲಿಗೆ ಹೋಗುತ್ತದೆಂಬ ಸಿಟ್ಟಿತ್ತು. ಮೂರನೇ ನಂಬರಿನ ಸಂಗೀತದ ಮೇಷ್ಟ್ರಿಗೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಬಟ್ಟೆ ಒಣಗಿಸಲು ಹಗ್ಗ ಮಾತ್ರ ಇರಲಿಲ್ಲ. ಹತ್ತನೇ ನಂಬರಿನವಳು ನನ್ನನ್ನು ಕಂಡರೆ ಮುಖ ತಿರುಗಿಸುವವಳು. ಆಕೆಯೂ ಕಂಬದ ತುಕ್ಕು ಉಜ್ಜಿ, ಕೊಕ್ಕೆಗೆ ಎಣ್ಣೆ ಹಾಕಿ, "ನಿನಗೋಸ್ಕರ ಅಲ್ಲ," ಅಂದಳು. "ಯಾರಿಗೋಸ್ಕರ ಆದ್ರೂ ಸರಿ, ಬಿಗಿಯಾಗಿ ಕಟ್ಟು," ಅಂದೆ.

ಹತ್ತನೇ ತಾರೀಕು ಬೆಳಿಗ್ಗೆ ಒಂದನೇ ನಂಬರಿನ ತೋಟದಿಂದ ಹೊರಟ ಹಗ್ಗ ಹನ್ನೊಂದನೇ ನಂಬರಿನಲ್ಲಿ ನಿಂತಿತು. ನಡುವೆ ಎಲ್ಲೂ ಕಡಿದಿರಲಿಲ್ಲ. ಜೋಡಿಸಿದ ಗಂಟು ಇದ್ದದ್ದು ಒಂದೇ, ಅದೂ ನಮ್ಮ ತೋಟದಲ್ಲಿ, ಅತ್ತೆಯ ಕುರ್ಚಿಯ ಪಕ್ಕದ ಕಂಬದಲ್ಲಿ. ಗಂಟನ್ನು ಅತ್ತೆಯೇ ಹಾಕಿದ್ದರು. ನಮ್ಮ ಬೆಡ್‌ಶೀಟು, ಕ್ಷೌರದಂಗಡಿಯವನ ಟವೆಲು, ಮೇಷ್ಟ್ರ ಪಟ್ಟೆ ಪಟ್ಟೆಯ ಪೈಜಾಮ, ಯಾರದೋ ಮಗುವಿನ ಅಂಗಿ, ಮತ್ಯಾರದೋ ಹೇಳಬಾರದ ಬಟ್ಟೆ. ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಗಳಾಚೆ ಜನ ನಿಂತಿದ್ದರು.

ಅಧ್ಯಕ್ಷೆ ನನ್ನ ವಯಸ್ಸಿನ ಹೆಂಗಸು, ನೆಟ್ಟಗಿನ ನಡಿಗೆ. ಬಾಗಿಲಲ್ಲೇ ನಿಂತು ಎರಡೂ ಕಡೆ ನೋಡಿದರು. "ಇದೇನ್ರೀ?" ಅಂತ ಟೇಪಪ್ಪನನ್ನು ಕೇಳಿದರು. "ಹಗ್ಗ ತೆಗೆಸ್ತೀನಿ ಅಂದಿದ್ರಲ್ಲ? ಬಿಚ್ಚಿ."

ಟೇಪಪ್ಪ ಬಟ್ಟೆಗಳ ಕೆಳಗೆ ಬಗ್ಗಿ ಬಂದ. ಒಂದು ಬೆಡ್‌ಶೀಟು ಅವನ ಕೆನ್ನೆಗೆ ಒದ್ದೆಯಾಗಿ ಬಡಿಯಿತು. ಗಂಟಿಗೆ ಕೈ ಹಾಕಿದ.

ಅವನು ಎಳೆದರೆ ನಾನು ಅವನ ಕೈ ಹಿಡಿಯುವುದೆಂದೇ ನಿಶ್ಚಯಿಸಿದ್ದೆ, ಮುಂದಿನದು ಮುಂದೆ. ಆದರೆ ಅತ್ತೆ ಕುರ್ಚಿಯಿಂದ ಅಲುಗಾಡಲೂ ಇಲ್ಲ.

"ಬಿಚ್ಚಪ್ಪ," ಅಂದರು. "ಹನ್ನೊಂದು ಮನೆ ಬಟ್ಟೆ ಮಣ್ಣಿಗೆ ಬೀಳುತ್ತೆ. ಸೋಪು ಒಳಗಿದೆ, ನಲ್ಲಿ ಅಲ್ಲಿದೆ. ಸಂಜೆಯೊಳಗೆ ಒಗೆದು ಹಾಕಿ ಹೋಗು. ನೋಟೀಸು ಏಳನೇ ನಂಬರಿಗೆ ತಾನೇ ಬಂದದ್ದು? ಉಳಿದ ಹತ್ತು ಮನೆಗೆ ನೀನೇ ಜವಾಬು ಹೇಳು."

ಗಾಳಿ ಬಂತು. ಸಾಲಿನ ಉದ್ದಕ್ಕೂ ಬಟ್ಟೆಗಳ ಕೆಳಗಂಚುಗಳು ಒಟ್ಟಿಗೆ ಎದ್ದವು. ಮೇಲೆ ಹಗ್ಗ ನಿಂತೇ ಇತ್ತು. ಟೇಪಪ್ಪ ತಲೆಯೆತ್ತಿ ಅದನ್ನು ನೋಡಿದ, ಒಂದನೇ ನಂಬರಿನಿಂದ ಹನ್ನೊಂದನೆಯದರವರೆಗೆ, ನಿಧಾನವಾಗಿ. ಆಮೇಲೆ ಗಂಟಿನಿಂದ ಕೈ ತೆಗೆದ.

"ಬೇಲಿ ಅಲ್ಲ ಮೇಡಂ," ಅಂದ. ದನಿ ಸಣ್ಣದಾಗಿತ್ತು. "ಫೋಟೋದಲ್ಲಿರೋದು ಇದು. ಈ ಅಮ್ಮ ಮೊದಲೇ ತೋರಿಸಿಕೊಟ್ರು. ನಾನು ವರದಿ ತಿದ್ದೋಕೆ ಹೆದರಿದೆ. ನಾವು ಹುಡುಕ್ತಿದ್ದ ಮೂಲ ಸ್ಥಿತಿ ಇದೇ. ಇವರು ಇದನ್ನ ಬಿಟ್ಟೇ ಇರಲಿಲ್ಲ."

ಅಧ್ಯಕ್ಷೆ ಅವನನ್ನು ಸುಡುವ ಹಾಗೆ ನೋಡಿದರು. ಫೋಟೋ ತರಿಸಿ, ಬೆಳಕಿಗೆ ಹಿಡಿದು, ಅತ್ತೆ ನೋಡಿದಷ್ಟೇ ಹೊತ್ತು ನೋಡಿದರು. ಆಮೇಲೆ ಅದನ್ನು ಸುತ್ತಿಕೊಂಡು ಹೊರಟುಹೋದರು. ನೋಟೀಸನ್ನು ಹಿಂದಕ್ಕೆ ಪಡೆದಿದ್ದೇವೆಂಬ ಕಾಗದ ಬರಲು ಇಪ್ಪತ್ತು ದಿನ ಹಿಡಿಯಿತು. ತಪ್ಪಾಯಿತು ಎಂಬ ಮಾತು ಅದರಲ್ಲಿರಲಿಲ್ಲ. ನಾವು ಕಾದೂ ಇರಲಿಲ್ಲ.

ಫಲಕವನ್ನು ಮಾತ್ರ ಅವರು ಬದಲಿಸಲಿಲ್ಲ. ಕೆತ್ತಿಸಿ ಆಗಿತ್ತಲ್ಲ. ಮುಂಬಾಗಿಲ ಪಕ್ಕದಲ್ಲಿ ಈಗಲೂ ಹಿತ್ತಾಳೆ ಥಳಥಳಿಸುತ್ತದೆ: ಈ ಮನೆಗಳ ತೋಟಗಳು ಬಿಳಿ ಹೂವಿನ ಬೇಲಿಗೆ ಹೆಸರಾಗಿದ್ದವು. ಅದನ್ನು ಓದಿ ಜನ ಬಾಗಿಲು ತಟ್ಟುತ್ತಾರೆ, ಬೇಲಿ ನೋಡಬಹುದಾ ಎಂದು ಕೇಳುತ್ತಾರೆ. ನಾನು ಕೈ ಒರೆಸಿಕೊಂಡು ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಹನ್ನೊಂದು ಮನೆಯ ಬಟ್ಟೆ ಒಂದೇ ಹಗ್ಗದ ಮೇಲೆ ಗಾಳಿಗೆ ಬಡಿದಾಡುತ್ತಿರುತ್ತದೆ. ಅತ್ತೆ ಕಂಬದ ಪಕ್ಕದ ಕುರ್ಚಿಯಿಂದ, ತಲೆ ಎತ್ತದೆಯೇ ಹೇಳುತ್ತಾರೆ:

"ಇದೇ. ಮುಟ್ಟಬೇಡಿ, ಇನ್ನೂ ಒಣಗಿಲ್ಲ."