ಅಕ್ಕ ತಂದ ಕೂಪನ್ನುಗಳು

ಕೂಪನ್ ಹಿಡಿದು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ, ಇವರು ಮಾತ್ರ ಚೀಲದ ತಳದಲ್ಲಿ ಮುದುರಿದ ಕಾಗದ ಹುಡುಕುತ್ತಿರುತ್ತಾರೆ. ಅಂಥವರಲ್ಲಿ ಮೊದಲನೆಯವಳು ನಮ್ಮ ಅಕ್ಕನೇ. ನನ್ನ ಕರ್ಮ, ಯಾರಿಗೆ ಹೇಳಲಿ?

ಅಮ್ಮ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಡಯಾಪರ್ ಇಲ್ಲದಿದ್ದರೆ ಬೆನ್ನಿನ ಹುಣ್ಣು ಎರಡೇ ದಿನದಲ್ಲಿ ಬಾಯಿ ಬಿಡುತ್ತದೆ. ಅದು ನಮ್ಮ ಕೈಗೆಟುಕುವ ಬೆಲೆಗೆ ಸಿಗುವುದು ನಾನು ಬಿಲ್ ಹಾಕುವ ಈ ದೊಡ್ಡ ಅಂಗಡಿಯಲ್ಲಿ ಮಾತ್ರ, ಅದೂ ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆದ ಕೂಪನ್ ಕೊಟ್ಟರೆ. ಕೆಲಸದವರು ಕೂಪನ್ ಬಳಸುವಂತಿಲ್ಲ. ನಮ್ಮ ಮನೆಯವರಿಗೆ ನಾವೇ ಬಿಲ್ ಹಾಕುವಂತೆಯೂ ಇಲ್ಲ, ಹಾಕಿದರೆ ಕೆಲಸಕ್ಕೆ ಸಂಚಕಾರ. ಒಂದು ಕಂಪ್ಯೂಟರಿನಿಂದ ಎರಡೇ ಕೂಪನ್ ಬರುವುದರಿಂದ ಅಕ್ಕ ತಿಂಗಳಿಗೊಮ್ಮೆ ಲೈಬ್ರರಿಗೆ ಹೋಗಿ, ಕುರ್ಚಿಯಿಂದ ಕುರ್ಚಿಗೆ ಜರುಗುತ್ತಾ, ನಾಲ್ಕು ಕಂಪ್ಯೂಟರಿನಿಂದ ಎಂಟು ತೆಗೆಯುತ್ತಿದ್ದಳು. ಆಮೇಲೆ ಇಲ್ಲಿಗೆ ಬಂದು ಆ ತುದಿಯ ಕೌಂಟರಿಗೆ ಹೋಗುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೊನ್ನೆ ಶನಿವಾರ ಸೀದಾ ನನ್ನೆದುರು ಬಂದು ನಿಂತಳು.

"ಆ ಕಡೆ ಹೋಗೇ," ಎಂದೆ ಮೆಲ್ಲಗೆ.

"ಸುಮ್ನೆ ಹಾಕೇ. ಲೈಬ್ರರೀಲಿ ಮೂರು ಕಂಪ್ಯೂಟರ್ ಕೆಟ್ಟು ಕೂತಿವೆ. ಒಂದು ಕೂಪನ್ನೇ ಎಂಟು ಜೆರಾಕ್ಸ್ ಮಾಡಿಸ್ಕೊಂಡು ಬಂದೆ. ಎಲ್ಲಾ ಒಂದೇ ಥರ ಇದೆ ನೋಡು. ನೀನಾದ್ರೆ ಕಿರಿಕಿರಿ ಮಾಡಲ್ಲ."

ಒಂದೇ ಥರ ಇರುವುದೇ ತೊಂದರೆ ಎಂದು ಈ ಜಾಣೆಗೆ ಯಾರು ಹೇಳಬೇಕು? ಪ್ರತಿ ಕೂಪನ್ನಿಗೂ ಬೇರೆ ನಂಬರಿರುತ್ತದೆ, ಒಂದು ನಂಬರು ಒಂದೇ ಸಲ ನಡೆಯುತ್ತದೆ. ಸಿಟ್ಟು ನೆತ್ತಿಗೇರಿತು. ಆದರೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಡಯಾಪರ್ ಕಟ್ಟುಗಳ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದಳು. ಮೊದಲನೆಯದನ್ನು ಯಂತ್ರ ಒಪ್ಪಿಕೊಂಡಿತು. ಏನಾದರಾಗಲಿ ಎಂದು ಎರಡನೆಯದನ್ನೂ ತೋರಿಸಿದೆ. ಕೌಂಟರಿನ ಮೇಲಿನ ಕೆಂಪು ದೀಪ ಹತ್ತಿತು.

ಸೂಪರ್‌ವೈಸರ್ ಬಂದು ಎಲ್ಲ ಕಾಗದಗಳನ್ನೂ ಬಿಡಿಸಿ ನೋಡಿದ.

"ಇದು ಮೋಸ ಅಮ್ಮಾ. ನಿಮ್ಮ ಫೋಟೋ ಬಾಗಿಲಲ್ಲಿ ಹಾಕ್ತೀವಿ, ಇನ್ಮೇಲೆ ಒಳಗೆ ಬಿಡಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ನಿಮ್ಮ ಕಡೆಯವರಾ ಇವರು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು:

"ಇವರು ಯಾರೋ ಏನೋ. ಸಾಲು ಚಿಕ್ಕದಿದೆ ಅಂತ ಬಂದೆ."

ನಾನು ತಲೆ ತಗ್ಗಿಸಿ ಬಿಲ್ ರದ್ದು ಮಾಡಿದೆ. ಅವಳನ್ನು ಗೋಡೆಗೆ ನಿಲ್ಲಿಸಿ ಫೋಟೋ ತೆಗೆದರು. ಫೋಟೋ ಎಂದೊಡನೆ ಅಕ್ಕ ಅಭ್ಯಾಸಬಲದಿಂದ ಕೂದಲು ಸರಿಮಾಡಿಕೊಂಡಳು. ನಾನು ಮುಂದಿನವರ ಸಾಮಾನು ಎಳೆದುಕೊಂಡೆ.

ಸಂಜೆ ಮನೆಗೆ ಬಂದಾಗ ಅಕ್ಕ ಅಮ್ಮನ ಕಾಲ ಬಳಿ ಕುಳಿತು ಹಳೆಯ ಹಾಸಿಗೆ ಬಟ್ಟೆ ಹರಿದು ಮಡಿಸಿಡುತ್ತಿದ್ದಳು. ನಾನು ಬಂದದ್ದು ಅಮ್ಮನಿಗೆ ಕಾಣಲಿಲ್ಲ.

"ಅಂಗಡೀಲಿ ನಿನ್ ತಂಗಿ ಸಿಕ್ಕಿದ್ಲೇನೇ?"

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ಬಟ್ಟೆಗೆ ಕೈ ಹಾಕಿದಳು.

"ಇಲ್ಲಮ್ಮ," ಎಂದಳು. "ಇವತ್ತು ಸಿಗ್ಲಿಲ್ಲ."